ಎರಡನೇ ಭೇಟಿಯ ಬೆಳಗು

ಹದಿನೇಳು ವರ್ಷದ ಹುಡುಗನೊಬ್ಬನಿಗೆ ಇವತ್ತು ಸಂಜೆ ಫೈನಲ್ ಇದೆ. ಎದುರಾಳಿಗಳು ಹೊಸಬರಲ್ಲ, ಒಂದೂವರೆ ತಿಂಗಳ ಹಿಂದೆ ಅವನ ತಂಡವನ್ನು ಸೋಲಿಸಿದವರೇ. ಅದೇ ಬಣ್ಣದ ಜೆರ್ಸಿ, ಅದೇ ನಂಬರುಗಳು, ಅದೇ ಹುಡುಗರು. ಅಂಥ ದಿನ ಬೆಳಗ್ಗೆ ಎದ್ದಾಗ ಅವನ ಮನಸ್ಸಿನಲ್ಲಿ ಏನಿರುತ್ತದೆ? ದಕ್ಷಿಣ ಕ್ಯಾಲಿಫೋರ್ನಿಯಾದ ಎರಡು ಶಾಲೆಗಳ ಕಥೆ ತಿಳಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಒಂದು, ಸಾಂಟಾ ಆನಾ ಊರಿನ ಮೇಟರ್ ಡೇ. ಇನ್ನೊಂದು, ಬೆಲ್‌ಫ್ಲವರ್ ಊರಿನ ಸೇಂಟ್ ಜಾನ್ ಬಾಸ್ಕೋ. ನಮ್ಮಲ್ಲೂ ಹೆಸರಾದ ಡಾನ್ ಬಾಸ್ಕೋ ಶಾಲೆಗಳನ್ನು ನಡೆಸುವ ಸಲೇಷಿಯನ್ ಪಾದ್ರಿಗಳ ಪರಂಪರೆಯದೇ ಈ ಎರಡನೆಯ ಶಾಲೆ. ಎರಡೂ ಕ್ಯಾಥೊಲಿಕ್ ಶಾಲೆಗಳು, ಎರಡೂ ಟ್ರಿನಿಟಿ ಲೀಗ್‌ನಲ್ಲಿ ಆಡುವಂಥವು. ಆಟ ಅಮೆರಿಕದ ಫುಟ್‌ಬಾಲ್, ಅಂದರೆ ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು ಕಟ್ಟಿಕೊಂಡು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ದೇಶದ ಹೈಸ್ಕೂಲ್ ತಂಡಗಳ ಪಟ್ಟಿಯಲ್ಲಿ ಈ ಎರಡು ಹೆಸರುಗಳು ವರ್ಷ ವರ್ಷವೂ ಮೇಲ್ತುದಿಯಲ್ಲೇ ಕಾಣುತ್ತವೆ.

ಒಂದೇ ಲೀಗ್ ಆದ್ದರಿಂದ ಅಕ್ಟೋಬರಿನಲ್ಲಿ ಇಬ್ಬರೂ ಎದುರಾಗಲೇಬೇಕು. ಆಮೇಲೆ ಪ್ಲೇಆಫ್. ಅಲ್ಲಿ ಒಮ್ಮೆ ಸೋತರೆ ಮನೆಗೆ. ಇಬ್ಬರೂ ಗೆಲ್ಲುತ್ತಾ ಬಂದರೆ ನವೆಂಬರಿನ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆನ್ನಿಗೇ, ಫೈನಲ್‌ನಲ್ಲಿ ಮತ್ತೆ ಮುಖಾಮುಖಿ. 2016ರಿಂದ 2024ರವರೆಗೆ, ಕೋವಿಡ್ಡಿನಿಂದ ಪ್ಲೇಆಫ್ ನಡೆಯದ ಒಂದು ಋತು ಬಿಟ್ಟರೆ, ಪ್ರತಿ ಸಲವೂ ಹೀಗೇ ಆಯಿತು. ಒಟ್ಟು ಎಂಟು ಫೈನಲ್‌ಗಳು. ಅವುಗಳಲ್ಲಿ ಐದರಲ್ಲಿ ಗೆದ್ದದ್ದು ಅಕ್ಟೋಬರಿನಲ್ಲಿ ಸೋತಿದ್ದ ತಂಡ.

2018ರಲ್ಲಿ ಮೊದಲ ಭೇಟಿ ಬಾಸ್ಕೋದ ಪಾಲಾಯಿತು, 41–18. ಫೈನಲ್ ಮೇಟರ್ ಡೇಯದು, 17–13. ಮರುವರ್ಷ ಅಕ್ಟೋಬರಿನಲ್ಲಿ ಮೇಟರ್ ಡೇ 38–24ರಿಂದ ಗೆದ್ದಿತು. ಫೈನಲ್‌ನಲ್ಲೂ ಅವರದೇ ಕೈ ಮೇಲಾಗಿತ್ತು, 28–5ರ ಮುನ್ನಡೆ. ಅಲ್ಲಿಂದ ಬಾಸ್ಕೋ ಹುಡುಗರು ಎದ್ದು ಬಂದು 39–34ರಿಂದ ಗೆದ್ದರು. ಅಂದು ಸೋತ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಮೇಟರ್ ಡೇಯ ಬ್ರೈಸ್ ಯಂಗ್. ಮುಂದೆ 2021ರಲ್ಲಿ ಕಾಲೇಜು ಆಟದ ಅತಿ ದೊಡ್ಡ ಗೌರವವಾದ ಹೈಸ್ಮನ್ ಟ್ರೋಫಿ ಪಡೆದು, 2023ರಲ್ಲಿ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಹೆಸರು ಕೂಗಿಸಿಕೊಂಡವನು. ಅಷ್ಟು ಪ್ರತಿಭೆಯಿದ್ದವನಿಗೂ ಆ ರಾತ್ರಿ ಸೋಲೇ ಸಿಕ್ಕಿತು.

ನನ್ನನ್ನು ಹೆಚ್ಚು ಕಾಡುವುದು 2023. ಅಕ್ಟೋಬರಿನಲ್ಲಿ ಬಾಸ್ಕೋ 28, ಮೇಟರ್ ಡೇ ಸೊನ್ನೆ. ನವೆಂಬರಿನಲ್ಲಿ ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಮೇಟರ್ ಡೇ 35, ಬಾಸ್ಕೋ 7. ನಮ್ಮ ಫುಟ್‌ಬಾಲ್ ಪ್ರಿಯರಿಗೆ ಆ ಕ್ರೀಡಾಂಗಣ ಗೊತ್ತು. 1994ರ ವಿಶ್ವಕಪ್ ಫೈನಲ್‌ನಲ್ಲಿ ಇಟಲಿಯ ಬ್ಯಾಜಿಯೊ ಪೆನಾಲ್ಟಿಯನ್ನು ಗೋಲಿನ ಮೇಲಕ್ಕೆ ಹೊಡೆದು ತಲೆ ತಗ್ಗಿಸಿ ನಿಂತದ್ದು ಅಲ್ಲೇ. ಆ ಒಂದೂವರೆ ತಿಂಗಳಲ್ಲಿ ಮೇಟರ್ ಡೇ ಹುಡುಗರು ಬೇರೆಯವರಾಗಲಿಲ್ಲ, ಎತ್ತರ ಬೆಳೆಯಲಿಲ್ಲ, ಹೊಸ ಕಾಲು ಬರಲಿಲ್ಲ. ಹಾಗಾದರೆ ನಡುವೆ ಆದದ್ದೇನು?

ಬಹುಪಾಲು ಉತ್ತರ ವಿಡಿಯೊ ನೋಡುವ ಕೋಣೆಯಲ್ಲಿದೆ ಎಂದು ನನ್ನ ನಂಬಿಕೆ. ಈ ಆಟದಲ್ಲಿ ಚೆಂಡು ಜೀವಂತವಾಗಿರುವುದು ಒಂದು ಸಲಕ್ಕೆ ಐದಾರು ಸೆಕೆಂಡು ಮಾತ್ರ. ಆ ಐದಾರು ಸೆಕೆಂಡಿನ ತುಣುಕನ್ನು ಕೋಚ್ ಪರದೆಯ ಮೇಲೆ ಹಾಕುತ್ತಾರೆ, ನಿಲ್ಲಿಸುತ್ತಾರೆ, ಹಿಂದಕ್ಕೆ ಎಳೆಯುತ್ತಾರೆ, ಮತ್ತೆ ಹಾಕುತ್ತಾರೆ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಪಕ್ಕದವನಿಗೆ ಚೆಂಡು ಕೊಟ್ಟಂತೆ ನಟಿಸುತ್ತಾನೆ. ನಮ್ಮ ಲೈನ್‌ಬ್ಯಾಕರ್ (ರಕ್ಷಣೆಯ ಎರಡನೇ ಸಾಲಿನವನು) ಅದನ್ನು ನಂಬಿ ಎರಡು ಹೆಜ್ಜೆ ಮುಂದಕ್ಕೆ ನುಗ್ಗುತ್ತಾನೆ. ಎರಡೇ ಹೆಜ್ಜೆ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಜಾಗ ತೆರೆದುಕೊಳ್ಳುತ್ತದೆ, ಚೆಂಡು ಅವನ ತಲೆಯ ಮೇಲಿಂದ ಹಾರಿ ಅಲ್ಲಿ ಓಡುತ್ತಿರುವವನ ಕೈಗೆ ಬೀಳುತ್ತದೆ. ಕತ್ತಲ ಕೋಣೆಯಲ್ಲಿ ಇಪ್ಪತ್ತು ಮೂವತ್ತು ಗೆಳೆಯರ ನಡುವೆ ಕೂತ ಆ ಹುಡುಗ ತನ್ನ ಎರಡು ಹೆಜ್ಜೆಗಳನ್ನು ತಾನೇ ನೋಡಬೇಕು, ಮೂರು ಸಲ, ನಾಲ್ಕು ಸಲ. ಕೋಚ್ ಒಳ್ಳೆಯವರಾದರೆ ಬೈಯುವುದಿಲ್ಲ. "ಗಾರ್ಡ್ ಮಂಡಿ ನೋಡು, ಅವನು ಹಿಂದಕ್ಕೆ ಕೂರುತ್ತಿದ್ದಾನೆ, ಅಂದಮೇಲೆ ಇದು ಪಾಸು" ಎಂದು, ಚೆಂಡು ಎಸೆಯುವವನನ್ನು ಮುಂದೆ ನಿಂತು ಕಾಯುವ ಎದುರಾಳಿಯತ್ತ ಬೆರಳು ಮಾಡಿ ತೋರಿಸುತ್ತಾರೆ, ಅಷ್ಟೇ. ಮಾರನೆಯ ದಿನ ಮೈದಾನದಲ್ಲಿ ಆ ಹುಡುಗ ಚೆಂಡಿನ ಮೇಲಿನ ಕಣ್ಣು ತೆಗೆದು ಮಂಡಿಯ ಮೇಲೆ ಇಡುವುದನ್ನು ಕಲಿಯುತ್ತಾನೆ.

ಗೆದ್ದವರೂ ಅದೇ ವಿಡಿಯೊ ನೋಡುತ್ತಾರೆ, ನಿಜ. ಆದರೆ ಗೆದ್ದವನ ಕಣ್ಣು ಬೇಗ ತೃಪ್ತವಾಗುತ್ತದೆ. ಸಂತೆಯಲ್ಲಿ ನಷ್ಟವಾದವನು ಮನೆಗೆ ಬಂದು ಗಂಟು ಬಿಚ್ಚಿ ಒಂದೊಂದೇ ಕಾಸು ಎಣಿಸುತ್ತಾನೆ. ಲಾಭವಾದವನು ಗಂಟನ್ನು ಹಾಗೇ ಪೆಟ್ಟಿಗೆಗೆ ಹಾಕುತ್ತಾನೆ. ಸಾಲದ್ದಕ್ಕೆ ಗೆದ್ದ ತಂತ್ರಗಳೆಲ್ಲ ಈಗ ಬಯಲಾಗಿವೆ. ಮೊದಲ ಭೇಟಿಯಲ್ಲಿ ಅಚ್ಚರಿಯಾಗಿದ್ದದ್ದು ಎರಡನೆಯದರಲ್ಲಿ ಎದುರಾಳಿಗೆ ಬಾಯಿಪಾಠ.

ಹಾಗೆಂದು ಎರಡನೇ ಭೇಟಿ ಯಾರಿಗೂ ಗೆಲುವಿನ ಭರವಸೆ ಕೊಡುವುದಿಲ್ಲ. 2017, 2021, 2024ರಲ್ಲಿ ಮೇಟರ್ ಡೇ ಎರಡೂ ಸಲ ಗೆದ್ದಿತು. ಅದರಲ್ಲೂ 2024ರ ಮೊದಲ ಪಂದ್ಯ 59–14. ನಲವತ್ತೈದು ಪಾಯಿಂಟುಗಳ ಸೋಲು. ಅಂಥ ಪೆಟ್ಟು ತಿಂದ ಬಾಸ್ಕೋ ಹುಡುಗರು ಅದೇ ಮೇಟರ್ ಡೇ ಎದುರು ಫೈನಲ್‌ಗೆ ಬಂದು 31–24ರಲ್ಲಿ ಸೋತರು. ದಾಖಲೆ ಪುಸ್ತಕದಲ್ಲಿ ಅದೂ ಸೋಲೇ. ನನ್ನ ಲೆಕ್ಕದಲ್ಲಿ ಮಾತ್ರ ಆ ಎಂಟು ಫೈನಲ್‌ಗಳಲ್ಲಿ ಅತಿ ದೊಡ್ಡ ಕೆಲಸ ಮಾಡಿದವರು ಅವರೇ. ನಲವತ್ತೈದರ ಅಂತರವನ್ನು ಏಳಕ್ಕೆ ಇಳಿಸುವುದು ಎಂದರೆ ವಾರಗಟ್ಟಲೆ ಬೆಳಗ್ಗೆ ಎದ್ದು ತಮ್ಮ ತಪ್ಪುಗಳ ಮುಂದೆ ಕೂರುವುದು.

ಇನ್ನೊಂದು ಮಾತು ಹೇಳದೆ ಇರಲಾರೆ. ಪ್ಲೇಆಫ್‌ನ ಲೆಕ್ಕಾಚಾರ ನಿರ್ದಯಿ: ಒಂದು ತಂಡ ಬಿಟ್ಟು ಉಳಿದ ಎಲ್ಲರ ಕೊನೆಯ ಆಟ ಸೋಲಿನಲ್ಲೇ ಮುಗಿಯಬೇಕು. ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಹೈಸ್ಕೂಲ್ ಹುಡುಗರು ಈ ಆಟ ಆಡುತ್ತಾರೆ. ಅವರಲ್ಲಿ ಕಾಲೇಜು ಮಟ್ಟದಲ್ಲಿ ಮುಂದುವರಿಯುವವರು ನೂರಕ್ಕೆ ಏಳೆಂಟು ಮಂದಿ. ಮೇಟರ್ ಡೇ, ಬಾಸ್ಕೋಗಳಲ್ಲಿ ಆ ಪಾಲು ಹೆಚ್ಚಿರಬಹುದು. ಆದರೆ ದೇಶದ ಉದ್ದಗಲಕ್ಕೆ ನವೆಂಬರಿನ ಶುಕ್ರವಾರಗಳಂದು ಹಳೆಯ ಎದುರಾಳಿಯನ್ನು ಎರಡನೇ ಸಲ ಎದುರಿಸಲು ಹೊರಡುವ ಹನ್ನೆರಡನೇ ತರಗತಿಯ ಹುಡುಗರಲ್ಲಿ ಬಹಳಷ್ಟು ಮಂದಿಗೆ ಪ್ಯಾಡು ಕಟ್ಟುವುದು ಅದೇ ಕೊನೆ. ಶುಕ್ರವಾರದ ಸಂಜೆ ಈ ಮಕ್ಕಳದು ಎಂದು ಆ ದೇಶ ಕಾನೂನಿನಲ್ಲೇ ಬರೆದುಕೊಂಡಿದೆ. 1961ರ ಪ್ರಸಾರ ಕಾಯ್ದೆ ಹೈಸ್ಕೂಲ್ ಋತುವಿನ ಶುಕ್ರವಾರ ಸಂಜೆಗಳಲ್ಲಿ ವೃತ್ತಿಪರ ಆಟದ ಟಿವಿ ಪ್ರಸಾರಕ್ಕೆ ತಡೆಯೊಡ್ಡುತ್ತದೆ. ಎಷ್ಟೋ ವಿಷಯಗಳಲ್ಲಿ ದುಡ್ಡಿನ ಮಾತನ್ನೇ ಕೇಳುವ ದೇಶ ಇಲ್ಲಿ ಮಕ್ಕಳಿಗೆ ಜಾಗ ಬಿಟ್ಟಿತಲ್ಲ ಎಂದು ನನಗೆ ಆ ಕಾನೂನಿನ ಮೇಲೆ ಗೌರವ.

ಫೈನಲ್ ವಾರದಲ್ಲಿ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಹಬ್ಬದ ಬೆಳಗ್ಗೆಯೂ ತಂಡಗಳು ಅಭ್ಯಾಸಕ್ಕೆ ಇಳಿಯುತ್ತವೆ, ಆಮೇಲೆ ಮನೆಗೆ ಹೋಗಿ ಬಂಧುಗಳೊಡನೆ ಊಟ. ಊಟದ ಮೇಜಿನ ಸುತ್ತ ಚಿಕ್ಕಪ್ಪ, ಮಾವಂದಿರು ಅಕ್ಟೋಬರಿನ ಸ್ಕೋರನ್ನು ಎತ್ತದೆ ಇರುತ್ತಾರೆಯೇ? ಹುಡುಗನಿಗೆ ಅದನ್ನು ಯಾರೂ ನೆನಪಿಸಬೇಕಾಗಿಲ್ಲ. ಆ ಎರಡು ಹೆಜ್ಜೆಗಳು ಅವನಿಗೆ ಕಣ್ಣು ಮುಚ್ಚಿದರೂ ಕಾಣುತ್ತವೆ.

ನಿಮ್ಮ ಮನೆಯಲ್ಲೂ ಇಂಥದೊಂದು ಬೆಳಗು ಬರಬಹುದು. ಆಟ ಕಬಡ್ಡಿಯಾಗಿರಬಹುದು, ಖೋ ಖೋ ಆಗಿರಬಹುದು, ಜಿಲ್ಲಾ ಮಟ್ಟದಲ್ಲಿ ಹೋದ ಸಲ ಸೋಲಿಸಿದ ಶಾಲೆಯೇ ಮತ್ತೆ ಎದುರಿಗಿರಬಹುದು. ದಯವಿಟ್ಟು ಆ ಹೊತ್ತಿನಲ್ಲಿ ಹಳೆಯ ಸೋಲನ್ನೂ ಸಂಜೆಯ ಗೆಲುವನ್ನೂ ಮಾತಿಗೆ ತರಬೇಡಿ. ಮಗುವಿಗೆ ಹೊಟ್ಟೆ ತುಂಬ ತಿಂಡಿ ಕೊಡಿ, ಹೊತ್ತಿಗೆ ಸರಿಯಾಗಿ ಕಳಿಸಿ, ಸಂಜೆ ಬಿಡುವು ಮಾಡಿಕೊಂಡು ಹೋಗಿ ಆಟ ನೋಡಿ.