ಬಾಡಿಗೆ ಮನೆಯ ಹೊಸಿಲು ಯಾರದು?

ಮನೆ ಕಟ್ಟಿದವನದಾ, ತಿಂಗಳು ತಿಂಗಳು ಬಾಡಿಗೆ ಕಟ್ಟಿ ಅದರೊಳಗೆ ಇರೋನದಾ? ನಮ್ಮ ಹೊಸೂರು ಸೀಮೆಯ ಹಳ್ಳಿಗಳಿಗೆ ಈ ಪ್ರಶ್ನೆ ಅಷ್ಟು ಹಳೇದಲ್ಲ. ಹಿಂದೆ ಊರಿಗೆ ಹೊಸ ಮೇಷ್ಟ್ರು ಬಂದ್ರೆ ಯಾರೋ ಒಬ್ಬರು ಮನೆಯಲ್ಲಿ ಜಾಗ ಬಿಟ್ಟುಕೊಡ್ತಿದ್ರು. 1970ರ ದಶಕದಲ್ಲಿ ಹೊಸೂರಿಗೆ ಸಿಪ್ಕಾಟ್ ಬಂತು. ಆಮೇಲೆ ಲಾರಿ, ಮೊಪೆಡ್ಡು, ಕೈಗಡಿಯಾರದ ಕಾರ್ಖಾನೆಗಳು ಬಂದವು. ಮೊದಲು ಧರ್ಮಪುರಿ, ಸೇಲಂ ಕಡೆಯವರು ಕೆಲಸಕ್ಕೆ ಬಂದ್ರು, ಈಗ ಒಡಿಶಾ, ಬಿಹಾರ, ಅಸ್ಸಾಮಿನ ಹುಡುಗರು ಬರ್ತಾರೆ. ರಾಗಿ ಬೆಳೀತಿದ್ದ ಹೊಲದಲ್ಲಿ ಸಾಲು ರೂಮು ಎದ್ದವು. ಮಳೆ ಬರಲಿ ಬಿಡಲಿ, ತಿಂಗಳಿಗೊಂದು ಕೊಯ್ಲು. ಅದರಲ್ಲಿ ತಪ್ಪೇನೂ ಇಲ್ಲ.

ಅದೇ ಹೊತ್ತಿಗೆ ನಮ್ಮ ಮಕ್ಕಳು 40 ಕಿಲೋಮೀಟರ್ ಆಚೆ ಇರೋ ಬೆಂಗಳೂರಿಗೆ ಹೋಗಿ ಬಾಡಿಗೆ ಮನೆ ಹಿಡಿದ್ರು. ಭಾಷೆ ನಮ್ಮದೇ, ಊರು ಮಾತ್ರ ಪರಊರು. ನನ್ನ ತಂಗಿ ಮಗ 10 ತಿಂಗಳ ಬಾಡಿಗೆಯನ್ನ ಅಡ್ವಾನ್ಸು ಕೊಟ್ಟು ಒಂದು ಮನೆ ಸೇರಿದ. ತಂಗಿ ಹೋಗಿ ನಾಲ್ಕು ದಿನ ಇದ್ದಿದ್ದಕ್ಕೆ, 'ಇನ್ನೂ ಎಷ್ಟು ದಿನ ಇರ್ತಾರೆ, ನೀರು ಸಾಲದು' ಅಂದ್ರಂತೆ ಓನರಮ್ಮ. ಬಿಡೋವಾಗ ಸುಣ್ಣಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಮುರಕೊಂಡ್ರು. ಈ ಸುದ್ದಿ ಅರಳಿಕಟ್ಟೆಗೆ ಬಂದಾಗ ಎಲ್ಲರೂ 'ಅನ್ಯಾಯ, ಅನ್ಯಾಯ' ಅಂದ್ರು. ಹಾಗೆ ಅಂದೋರಲ್ಲಿ ಸಾಲು ರೂಮು ಕಟ್ಟಿಸಿದೋರೂ ಇದ್ರು. ಅವರ ರೂಮಿನಲ್ಲಿರೋ ಒಡಿಶಾ ಹುಡುಗರಿಗೂ ಅದೇ ಕಟ್ಟುಪಾಡು. ರಾತ್ರಿ 9 ಆದ್ರೆ ನೀರಿನ ಮೋಟರು ಬಂದ್. ಊರಿಂದ ಅಣ್ಣನೋ ತಮ್ಮನೋ ಬಂದ್ರೆ ತಲೆಗೆ ಇಷ್ಟು ಅಂತ ದುಡ್ಡು. ಅಲ್ಲಿ ಅನ್ಯಾಯ ಅನ್ನಿಸಿದ್ದು ಇಲ್ಲಿ ನ್ಯಾಯ ಆಗೋದು ಹೇಗೆ?

ಓನರಿಗೂ ಕಷ್ಟ ಐತೆ, ಇಲ್ಲ ಅನ್ನೋಲ್ಲ. ಸಾಲ ಮಾಡಿ ಕಟ್ಟಿಸಿರ್ತಾನೆ, ಬ್ಯಾಂಕಿನ ಕಂತು ನಿಲ್ಲೋದಿಲ್ಲ. ಮೂರು ತಿಂಗಳ ಬಾಡಿಗೆ ಬಾಕಿ ಇಟ್ಟು ರಾತ್ರೋರಾತ್ರಿ ಗಂಟು ಕಟ್ಟಿದೋರೂ ಇದ್ದಾರೆ. ಅದಕ್ಕೇ ಅಡ್ವಾನ್ಸು ಅನ್ನೋದು ಬಂತು. ಬಾಗಿಲು ಮುರಿದ್ರೆ, ಬಾಕಿ ಉಳಿಸಿದ್ರೆ ಅದರಲ್ಲಿ ಹಿಡಕೊಳ್ಳಲಿ. ಆದ್ರೆ ಅಡ್ವಾನ್ಸು ಕೊಟ್ಟೋನು ಗೋಡೆಗೆ ಜಾಮೀನು ಕೊಟ್ಟಿದ್ದಾನೆ, ತನ್ನ ಬದುಕನ್ನ ಅಡವಿಟ್ಟಿಲ್ಲ.

ನಾವು ಒಕ್ಕಲು ಮಕ್ಕಳು, ನಮಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಹೊಲ ಗುತ್ತಿಗೆಗೆ ಕೊಟ್ಟ ಮೇಲೆ ಬದು ಒಡೆದ್ರೆ ಕೇಳ್ತೀವಿ, ಮರ ಕಡಿದ್ರೆ ಕೇಳ್ತೀವಿ. ಯಾವಾಗ ಬಿತ್ತಿದೆ, ಕಳೆ ಕೀಳೋಕೆ ಯಾರನ್ನ ಕರೆದೆ ಅಂತ ಕೇಳ್ತೀವಾ? ಮಣ್ಣು ನಮ್ಮದು, ಬೆಳೆ ಅವನದು. ಮನೆಯೂ ಹಾಗೇ. ಗೋಡೆ, ಸೂರು ಓನರದು. ಅದರೊಳಗಿನ ಅಡುಗೆ, ನಿದ್ದೆ, ನಂಟರು, ಪೂಜೆ, ನಮಾಜು ಬಾಡಿಗೆಯವರದು. ನಮ್ಮ ಜನ 11 ತಿಂಗಳ ಕರಾರಿನ ಮನೆಗೆ ಹೋದ್ರೂ ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು ಹಾಲು ಉಕ್ಕಿಸ್ತಾರೆ. ಯಾಕೆ? ಇರೋಷ್ಟು ದಿನ ಅದು ನಮ್ಮ ಮನೆ ಅಂತ. ಛತ್ರಕ್ಕೆ ಹೋದೋರು ಯಾರೂ ಹಾಲು ಉಕ್ಕಿಸೋಲ್ಲ.

ಸರ್ಕಾರವೂ ಈ ಮಾತನ್ನ ಒಪ್ಪೈತೆ. ತಮಿಳುನಾಡಿನಲ್ಲಿ ಓನರು ಮತ್ತು ಬಾಡಿಗೆಯವರ ಹಕ್ಕು, ಹೊಣೆಯ ಬಗ್ಗೆ 2017ರಲ್ಲಿ ಮಾಡಿದ ಕಾನೂನು 2019ರ ಫೆಬ್ರವರಿಯಲ್ಲಿ ಜಾರಿಗೆ ಬಂತು. 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಕಾನೂನು ಬರೆದು ಎಲ್ಲಾ ರಾಜ್ಯಗಳಿಗೂ ಕಳಿಸ್ತು. ವಾಸದ ಮನೆಗೆ 2 ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸು ಬೇಡ, ಓನರು ಒಳಗೆ ಬರಬೇಕಾದ್ರೆ 24 ಗಂಟೆ ಮುಂಚೆ ತಿಳಿಸಬೇಕು, ನೀರು ಕರೆಂಟು ನಿಲ್ಲಿಸಬಾರದು ಅಂತ ಅದರಲ್ಲೈತೆ. ಆದ್ರೆ ಭಾಷೆ ಬರದ ಹುಡುಗ ಯಾವ ಕಚೇರಿಗೆ ಹೋಗಿ ಏನಂತ ಕೇಳ್ತಾನೆ? ಅಲ್ಲಿ ಕಾನೂನಿಗಿಂತ ಮೊದಲು ನಮ್ಮ ಧರ್ಮ ನಿಲ್ಲಬೇಕು.

ನಾವು ತತ್ವಪದ ಹಾಡೋರು ಈ ದೇಹವೇ ಬಾಡಿಗೆ ಮನೆ, ಯಾರೂ ಇಲ್ಲಿ ಕಾಯಂ ಅಲ್ಲ ಅಂತ ಹಾಡ್ತೀವಿ. ಕೇಳಿದ ಓನರು ತಲೆದೂಗ್ತಾನೆ, ಬೆಳಗಾಗೆದ್ದು ಬಾಡಿಗೆಯವನಿಗೆ 'ನೀನೇನು ಕಾಯಂ ಅಲ್ಲ' ಅಂತಾನೆ. ಪದ ಇರೋದು ಹಾಗೆ ಅನ್ನೋಕಲ್ಲ. ಕಾಯಂ ಅಲ್ಲದವನು ತಾನೂ ಅಂತ ಓನರಿಗೆ ತಿಳೀಬೇಕು.

ನಮ್ಮ ವಾಚನಾಲಯಕ್ಕೆ ಬರೋ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಅಡ್ವಾನ್ಸು ಎಷ್ಟು, ಬಿಡೋವಾಗ ಯಾತಕ್ಕೆ ಎಷ್ಟು ಮುರಕೊಳ್ಳೋದು, ನೀರು ಯಾವ ಹೊತ್ತಿಗೆ, ಎಲ್ಲಾ ಸೇರಿಸಿ ಒಂದು ಕರಾರು ಪತ್ರ ಕನ್ನಡ, ತಮಿಳು, ಹಿಂದಿ ಮೂರರಲ್ಲೂ ಬರೆದುಕೊಡಿ. ರೂಮು ಕೊಡೋರು ಅದನ್ನ ಓದಿ ಹೇಳಿ, ಆಮೇಲೆ ಬೀಗದಕೈ ಕೊಡಲಿ.