ಓದು ಎನ್ನುವ ಮೊದಲು

ಬೆಂಗಳೂರಿನ ಕುಂದಲಹಳ್ಳಿಯಲ್ಲಿ ಪಿಜಿ ನಡೆಸುವ ನನಗೆ ಯಾರ ಕೈಯಲ್ಲಿ ಕೆಲಸವಿಲ್ಲ ಅಂತ ಯಾರೂ ಹೇಳಬೇಕಿಲ್ಲ. ಬೆಳಿಗ್ಗೆ ಹನ್ನೊಂದಾದರೂ ಬಾಗಿಲ ಮುಂದೆ ಚಪ್ಪಲಿ ಇರುತ್ತೆ. ಮೇಲಿನ ಮಹಡಿಯಲ್ಲಿ ಲಿಂಗಸುಗೂರಿನ ಹುಡುಗ ಒಬ್ಬನಿದ್ದಾನೆ. 2023ರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಪಾಸಾಗಿ ಕೆಲಸ ಹುಡುಕಿಕೊಂಡು ಬಂದವನು. "ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರಿಯೋ, ನೇರ ಎರಡನೇ ವರ್ಷದ ಇಂಜಿನಿಯರಿಂಗಿಗೇ ಸೀಟು ಸಿಗುತ್ತೆ" ಅಂದೆ.

"ಕಾಲೇಜ್ ಸೇರಿದ್ರ ಯುವನಿಧಿ ನಿಂದರ್ತೈತ್ರಿ ಆಂಟಿ."

ನಿಜ. 2024ರ ಜನವರಿಯಲ್ಲಿ ಶುರುವಾದ ಆ ಯೋಜನೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತೆ, ಹೆಚ್ಚೆಂದರೆ ಎರಡು ವರ್ಷ. ಆದರೆ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ ಅಂತ ಘೋಷಿಸಬೇಕು. ಸರ್ಕಾರದ ಲೆಕ್ಕ ಅರ್ಥವಾಗದ್ದೇನಲ್ಲ. ಭತ್ಯೆ ಇರುವುದು ಕೆಲಸ ಹುಡುಕುವವನಿಗೆ. ಆದರೂ ಅದು ಓದಿದರೆ ತಪ್ಪುವ ದುಡ್ಡು ಎಂದಾಗ ನನ್ನ ಬಾಯಿ ಕಟ್ಟಿತು.

ನಮ್ಮದು ಕಾಯಕದ ಮಾತಾಡುವ ಮನೆ. ಆ ಹುಡುಗನ ತಾಲ್ಲೂಕಿನ ಅಮರೇಶ್ವರದಿಂದಲೇ ಕಲ್ಯಾಣಕ್ಕೆ ಹೋದವರು ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಅನುಭವದ ಮಾತುಕತೆಯಲ್ಲಿ ಮೈಮರೆತ ಗಂಡನನ್ನು ಲಕ್ಕಮ್ಮ ಎಬ್ಬಿಸಿ, ಬಿದ್ದ ಅಕ್ಕಿ ಆಯುವ ಕಾಯಕಕ್ಕೆ ಕಳಿಸಿದಳಂತೆ. ಜ್ಞಾನದ ಗೋಷ್ಠಿಗಿಂತ ದುಡಿಮೆ ಮೇಲು ಅಂತ ಇದನ್ನು ನಾನೇ ಎಷ್ಟೋ ಸಲ ಹೇಳಿದ್ದೇನೆ. ಮಾರಯ್ಯನಿಗೆ ಆಯಲು ಅಂಗಳದಲ್ಲಿ ಅಕ್ಕಿಯಾದರೂ ಬಿದ್ದಿತ್ತು. ಬೀಳದಿದ್ದರೆ? ದುಡಿಯದವನಿಗೆ ಬೆಲೆಯಿಲ್ಲ ಅನ್ನುವಷ್ಟು ಕಲ್ಲೆದೆ ಶರಣರದಾಗಿರಲಿಲ್ಲ. ಕಾಯಕದ ಜೊತೆ ದಾಸೋಹವನ್ನೂ ಇಟ್ಟರು. ಮೊದಲನೆಯದನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಮರೆತವರು ನಾವು. ಕೆಲಸವಿಲ್ಲದವನ ಓದೂ ಕಾಯಕವೇ ಅಂತ ನನಗೀಗ ಅನ್ನಿಸುತ್ತೆ. ಆದರೆ ಅಷ್ಟು ದಿನ ಅವನ ಊಟದ ಭಾರ ಯಾರದೋ ಹೆಗಲ ಮೇಲೆ ಇರಲೇಬೇಕು. ಹೆಗಲು ಕೊಡದೆ "ಓದು" ಅನ್ನುವುದು ಬರೀ ಬೈಗುಳ, ಸ್ವಲ್ಪ ನಯವಾದದ್ದು ಅಷ್ಟೇ. (ಐಟಿಪಿಎಲ್ ಕಡೆಯ ನಮ್ಮ ನೆಂಟರು ಇದರಲ್ಲಿ ನಿಪುಣರು: ಕೆಲಸ ಹೋದವನು ಕಂಡರೆ ಸಾಕು, ಒಂದು ಕೋರ್ಸಿನ ಹೆಸರು ಹೇಳಿ ಕಾಫಿ ಮುಗಿಸುತ್ತಾರೆ.)

ಅದಕ್ಕೇ "ಬಾಡಿಗೆ ಬೇಡ, ಊಟವೂ ನನ್ನದೇ" ಅಂದೆ. ಹುಡುಗ ಒಪ್ಪಲಿಲ್ಲ. ಮಾರಯ್ಯ ಹೆಚ್ಚಿಗೆ ತಂದ ಅಕ್ಕಿಯನ್ನು ಲಕ್ಕಮ್ಮ ವಾಪಸು ಕಳಿಸಿದ ಕತೆ ಆಗ ನೆನಪಾಯಿತು. ಕೊಡುವವಳ ಉಬ್ಬಿಗೂ ಅಳತೆ ಬೇಕು. ಅರ್ಧ ಬಾಡಿಗೆಗೆ ಒಪ್ಪಂದವಾಯಿತು, ಅಡುಗೆಯವಳ ಮಗಳಿಗೆ ಅವನು ಸಂಜೆ ಗಣಿತ ಹೇಳಿಕೊಡಬೇಕು. ಕಾಲೇಜಿನ ಫೀಸಿಗೆ ಏನು ದಾರಿ ಅಂತ ಇಬ್ಬರಿಗೂ ಗೊತ್ತಿಲ್ಲ. ಡಿಸಿಇಟಿ ಅರ್ಜಿಯನ್ನಂತೂ ತುಂಬಿದ್ದಾನೆ.