ಕೋವಿ ಮನೆಯದು, ಸಿಟ್ಟು ಯಾರದು?

ಕೊಡಗಿನಿಂದ ಆಗಾಗ ಬರುವ ಒಂದು ಸುದ್ದಿಗೆ ಈಗ ಅಚ್ಚೇ ಬಿದ್ದುಬಿಟ್ಟಿದೆ. ಅಣ್ಣತಮ್ಮಂದಿರ ನಡುವೆ ಬೇಲಿ ಜಗಳ, ಇಲ್ಲವೇ ತೋಟಕ್ಕೆ ಹೋಗುವ ದಾರಿಯ ಜಗಳ. ಸಂಜೆ, ಒಂದೆರಡು ಪೆಗ್ ಆದ ಮೇಲೆ, ಮಾತಿಗೆ ಮಾತು ಬೆಳೆಯುತ್ತೆ. ಒಬ್ಬ ಒಳಗೆ ಹೋಗಿ ಕೋವಿ ತರ್ತಾನೆ. ಮರುದಿನ ಪೇಪರಿನಲ್ಲಿ ‘ಕ್ಷುಲ್ಲಕ ಕಾರಣಕ್ಕೆ ಗುಂಡಿಕ್ಕಿ ಕೊಲೆ’. ಇನ್ನೊಂದು ಅಚ್ಚು, ಕಾಡುಹಂದಿ ಅಂದುಕೊಂಡು ಜೊತೆಗೆ ಬಂದವನಿಗೇ ಗುಂಡು ಹೊಡೆದದ್ದು. ಮೂರನೆಯದು ಒಳಪುಟದ ಎರಡು ಸಾಲು: ಒಂಟಿಯಾಗಿದ್ದ ಹಿರಿಯರು, ಅನಾರೋಗ್ಯ, ಮನನೊಂದು.

ಹೆಸರು ಬೇರೆ, ಊರು ಬೇರೆ. ಆಮೇಲೆ ಸಾವಿನ ಮನೆಯ ಅಂಗಳದಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ಆಡುವ ಮಾತು ಮಾತ್ರ ಅದೇ. ‘ಕೋವಿ ಏನು ಮಾಡ್ತು? ಮನುಷ್ಯ ಸರಿ ಇರ್ಲಿಲ್ಲ.’ ಎಲ್ಲರೂ ತಲೆಯಾಡಿಸ್ತಾರೆ. ಯಾರೋ ಒಬ್ಬರು ‘ಈಗ ಇದನ್ನೇ ಹಿಡ್ಕೊಂಡು ನಮ್ಮ ಹಕ್ಕು ಕಿತ್ಕೊಳ್ಳೋಕೆ ಬರ್ತಾರೆ ನೋಡಿ’ ಅಂತಾರೆ. ಅಲ್ಲಿಗೆ ಮಾತು ಸತ್ತವನನ್ನು ಬಿಟ್ಟು ಹಕ್ಕಿನ ಕಡೆಗೆ ಹೊರಳಿರುತ್ತೆ.

ಬೆಂಗಳೂರಿನ ಆಫೀಸಿನಲ್ಲಿ ನನ್ನನ್ನು ಕೇಳುವವರಿಗೆ ಕುತೂಹಲ ಇರೋದೂ ಆ ಹಕ್ಕಿನ ಬಗ್ಗೆಯೇ. ‘ನಿಮ್ಮಲ್ಲಿ ಲೈಸೆನ್ಸೇ ಬೇಡ್ವಂತೆ, ಹೌದಾ?’ ಹೌದು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಕೊಟ್ಟಿರುವ ವಿನಾಯಿತಿಯಿಂದ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಪರವಾನಗಿ ಬೇಕಿಲ್ಲ. ನಾವು ಅರೆಭಾಷೆ ಗೌಡರು. ನಮ್ಮ ಮನೆಗೆ ಈ ವಿನಾಯಿತಿ ಬಂದಿರೋದು ಜಮ್ಮಾ ಭೂಮಿಯಿಂದ. ಪಕ್ಕದ ಕೊಡವರ ಮನೆಗೆ ಅದು ಹುಟ್ಟಿನಿಂದಲೇ ಬಂದಿದೆ. ನಮ್ಮ ತೋಟದ ಲೈನ್ ಮನೆಯಲ್ಲಿರುವ ಯರವರಿಗೆ ಅದು ಭೂಮಿಯಿಂದಲೂ ಬಂದಿಲ್ಲ, ಹುಟ್ಟಿನಿಂದಲೂ ಬಂದಿಲ್ಲ. ಕೋವಿಯ ಹತ್ತಿರವೇ ಬದುಕುವ, ಕೋವಿಯ ಬಗ್ಗೆ ಯಾರೂ ಅಭಿಪ್ರಾಯ ಕೇಳದ ಜನ ಅವರು.

ಇದರ ಚರಿತ್ರೆ ಚಿಕ್ಕದು, ಆದರೆ ನಮ್ಮ ಪ್ರಶ್ನೆಯ ಬೇರು ಅಲ್ಲೇ ಇದೆ. 1857ರ ದಂಗೆಯ ಪೆಟ್ಟು ತಿಂದ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯಲು ಹೊರಟಾಗ, 1861ರಲ್ಲಿ ಕೊಡವರನ್ನು ಅದರಿಂದ ಹೊರಗಿಟ್ಟವನು ಕಮಿಷನರ್ ಮಾರ್ಕ್ ಕಬ್ಬನ್. ನೀವು ಭಾನುವಾರ ವಾಕಿಂಗ್ ಹೋಗ್ತೀರಲ್ಲ, ಅದೇ ಪಾರ್ಕಿನ ಕಬ್ಬನ್. ಶೌರ್ಯಕ್ಕೆ, ನಿಷ್ಠೆಗೆ ಕೊಟ್ಟ ಗೌರವ ಅದು ಅಂತ ನಾವೆಲ್ಲ ಓದಿದ್ದೇವೆ. (ಗೌಡರಿಗೆ ಇಲ್ಲಿ ಸ್ವಲ್ಪ ಇರುಸುಮುರುಸು. 1837ರ ಅಮರ ಸುಳ್ಯ ದಂಗೆಯಲ್ಲಿ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ಬ್ರಿಟಿಷರು ಮಡಿಕೇರಿಯಲ್ಲಿ ಗಲ್ಲಿಗೇರಿಸಿದ್ದರು. ನಮ್ಮ ಹೆಮ್ಮೆ ನಿಷ್ಠೆಯದಲ್ಲ, ದಂಗೆಯದು. ಇರ್ಲಿ.)

ಕಬ್ಬನ್‌ಗೆ ಉತ್ತರ ಬೇಕಾಗಿದ್ದ ಪ್ರಶ್ನೆ ಒಂದೇ: ಈ ಜನ ಕೋವಿಯನ್ನು ನಮ್ಮ ಕಡೆ ತಿರುಗಿಸ್ತಾರಾ? ಇಲ್ಲ ಅನ್ನಿಸಿತು, ಬಿಟ್ಟ. ಕೋವಿಯನ್ನು ತಮ್ಮನ ಕಡೆ ತಿರುಗಿಸ್ತಾರಾ, ಹೆಂಡತಿಯ ಕಡೆ, ತಮ್ಮದೇ ಎದೆಯ ಕಡೆ? ಇದು ಅವನಿಗೆ ಬೇಕಿರಲಿಲ್ಲ. ಸ್ವಾತಂತ್ರ್ಯ ಬಂತು, ಹೊಸ ಕಾಯ್ದೆ ಬಂತು, 1963ರಲ್ಲಿ ವಿನಾಯಿತಿಯ ಅಧಿಸೂಚನೆ ಬಂತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿಗೆ ಹೋದ ಅರ್ಜಿ 2021ರ ಸೆಪ್ಟೆಂಬರಿನಲ್ಲಿ ವಜಾ ಆಯಿತು. ವಾದ ನಡೆದದ್ದು ಒಂದು ಸಮುದಾಯಕ್ಕೆ ಈ ಹಕ್ಕು ಇರಬಹುದೇ ಅನ್ನುವುದರ ಮೇಲೆ. ಕೋರ್ಟಿನ ಮುಂದಿದ್ದ ಪ್ರಶ್ನೆಯೇ ಅದು, ತಪ್ಪೇನಿಲ್ಲ. ಒಂದು ಮನೆಯಲ್ಲಿ, ಒಂದು ರಾತ್ರಿ, ಒಬ್ಬ ಮನುಷ್ಯನ ಕೈಗೆ ಕೋವಿ ಸಿಗಬಹುದೇ ಅನ್ನುವ ಪ್ರಶ್ನೆಯನ್ನು ಕೋರ್ಟು ಕೇಳುವಂತಿಲ್ಲ.

ಹಾಗಾದ್ರೆ ಕೇಳಬೇಕಾದವರು ಯಾರು?

ಬೇರೆ ಊರಿನಲ್ಲಿ ಕೋವಿ ಬೇಕು ಅಂದವನು ಪೊಲೀಸ್ ಪರಿಶೀಲನೆಗೆ ಒಳಪಡಬೇಕು, ಮಾನಸಿಕ ದೈಹಿಕ ಆರೋಗ್ಯದ ಬಗ್ಗೆ ಡಾಕ್ಟರ ಸರ್ಟಿಫಿಕೇಟ್ ತರಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾಟಾಚಾರಕ್ಕೇ ಇರಬಹುದು, ಆದರೂ ಕಾಗದದ ಮೇಲಾದರೂ ಆ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ: ಈ ಮನುಷ್ಯ ಈಗ ಹೇಗಿದ್ದಾನೆ? ನಮ್ಮ ವಿನಾಯಿತಿಯ ಬುಡ ಇರೋದು ಹುಟ್ಟಿನಲ್ಲಿ, ಭೂಮಿಯಲ್ಲಿ. ಹುಟ್ಟಿಗೆ ನವೀಕರಣ ಇಲ್ಲ. ಅಂದರೆ ಸರ್ಕಾರ ಕೇಳಬೇಕಿದ್ದ ಪ್ರಶ್ನೆಯನ್ನು ನಮ್ಮ ಮೇಲೆ ನಂಬಿಕೆಯಿಟ್ಟು ನಮಗೇ ಒಪ್ಪಿಸಿದೆ. ವಿನಾಯಿತಿ ಅಂದರೆ ಪ್ರಶ್ನೆಯೇ ಇಲ್ಲ ಅಂತ ನಾವು ಅರ್ಥ ಮಾಡಿಕೊಂಡಿದ್ದೇವೆ. ನನ್ನ ತಕರಾರು ಇರೋದು ಇಲ್ಲಿ.

ಅಂಗಳದ ಮಾತಿನಲ್ಲಿರುವ ಒಂದು ಚಾಲಾಕಿತನ ನೋಡಿ. ಕಾರ್ಯಪ್ಪ, ತಿಮ್ಮಯ್ಯ ನಮ್ಮವರು. ಹುತ್ತರಿಗೆ ಕದಿರು ಕೊಯ್ಯುವಾಗ ಹಾರುವ ಗುಂಡು ನಮ್ಮದು. ತೆಂಗಿನಕಾಯಿಗೆ ಗುರಿ ಇಟ್ಟು ಗೆದ್ದ ಹುಡುಗಿಯ ಫೋಟೊ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ‘ನಮ್ಮ ಹೆಮ್ಮೆ’. ಕೊಂದವನು ಮಾತ್ರ ಒಬ್ಬನೇ, ಅವನ ತಲೆ ಕೆಟ್ಟಿತ್ತು, ಅವನು ಕುಡೀತಿದ್ದ. ಹೆಮ್ಮೆ ಬಂದರೆ ಕುಲದ್ದು, ಅವಮಾನ ಬಂದರೆ ಒಂಟಿಯವನದ್ದು. ಎರಡರಲ್ಲಿ ಒಂದು ಲೆಕ್ಕ ಆರಿಸಿಕೊಳ್ಳಬೇಕು. ಕೋವಿ ಒಬ್ಬ ಮನುಷ್ಯನದ್ದು ಅನ್ನೋದಾದರೆ ಅವನು ಎಲ್ಲರಂತೆ ಲೈಸೆನ್ಸಿಗೆ ಅರ್ಜಿ ಹಾಕಲಿ. ಕೋವಿ ಮನೆಯದು, ಕುಟುಂಬದ್ದು ಅನ್ನೋದಾದರೆ, ಆ ಮನೆಯಲ್ಲಿ ಯಾರ ಕೈಗೆ ಅದು ಹೋಗಬಾರದು ಅನ್ನೋದನ್ನೂ ಮನೆಯೇ ನೋಡಿಕೊಳ್ಳಬೇಕು.

ನಾನು ಎರಡನೆಯದರ ಕಡೆಗಿದ್ದೇನೆ, ಯಾಕಂದರೆ ನಮ್ಮ ಸಂಪ್ರದಾಯ ಹೇಳೋದೂ ಅದನ್ನೇ. ಸೆಪ್ಟೆಂಬರಿನ ಕೈಲ್ ಮುಹೂರ್ತವನ್ನು ಎಲ್ಲರೂ ಆಯುಧ ಪೂಜೆ ಅಂತಾರೆ. ಕೋವಿಗೆ ತೋಕ್ ಪೂ ಸಿಕ್ಕಿಸಿದ ಚೆಂದದ ಫೋಟೊಗಳು ನಿಮಗೂ ಬಂದಿರುತ್ತವೆ. ಅದರ ಹಿಂದಿನ ಕ್ರಮ ಫೋಟೊದಲ್ಲಿ ಕಾಣಲ್ಲ. ನಾಟಿಯ ತಿಂಗಳುಗಳಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿಟ್ಟುಬಿಡುತ್ತಿದ್ದರು. ಗದ್ದೆ ಕೆಲಸ ಮುಗಿದ ಮೇಲೆ, ಈ ಹಬ್ಬದ ದಿನ, ಮನೆಯ ಹಿರಿಯ ಅದನ್ನು ಹೊರತೆಗೆದು ಬುದ್ಧಿಮಾತು ಹೇಳಿ ಕಿರಿಯರ ಕೈಗೆ ಕೊಡುತ್ತಿದ್ದ. ಅಂದರೆ ಕೋವಿ ಯಾವಾಗಲೂ ಕೈಗೆಟುಕುವ ವಸ್ತುವಾಗಿರಲಿಲ್ಲ. ಕೆಳಗಿಡುವುದಕ್ಕೊಂದು ಕಾಲವಿತ್ತು, ಕೊಡುವವನೊಬ್ಬನಿದ್ದ. ಕೊಡುವವನಿಗೆ ಕೊಡದೆ ಇರುವ ಅಧಿಕಾರವೂ ಇತ್ತು ಅಂತಲೇ ಅಲ್ಲವೇ ಅರ್ಥ? ಹೂವು ಉಳಿಸಿಕೊಂಡು ಹಿರಿಯನನ್ನು ಬಿಟ್ಟಿದ್ದೇವೆ. ಐನ್‌ಮನೆಗೆ ಬೀಗ, ಮಕ್ಕಳು ಬೆಂಗಳೂರು, ಮೈಸೂರು, ದುಬೈ. ತೋಟದ ನಡುವಿನ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬರೋ ಇಬ್ಬರೋ, ಬೀರುವಿನಲ್ಲಿ ಜೋಡು ನಳಿಗೆ ಕೋವಿ.

ನಮ್ಮ ಮನೆಯಲ್ಲಿ ಆ ಅಧಿಕಾರ ಚಲಾಯಿಸಿದ್ದು ದೊಡ್ಡವ್ವ. ದೊಡ್ಡಪ್ಪ ಒಳ್ಳೆಯ ಮನುಷ್ಯ. ಕಾಳುಮೆಣಸಿನ ಬಳ್ಳಿ ಸತ್ತರೂ ಬೇಸರ ಮಾಡಿಕೊಳ್ಳೋರು. ಒಂಬತ್ತು ಗಂಟೆಯ ನಂತರ ಮಾತ್ರ ಅವರು ಬೇರೆಯೇ ಮನುಷ್ಯ. ಪಕ್ಕದ ತೋಟದವರ ಜೊತೆ ನೀರಿನ ವ್ಯಾಜ್ಯ ಕೋರ್ಟಿಗೆ ಹೋದ ವರ್ಷ, ದೊಡ್ಡವ್ವ ಕಾಡತೂಸುಗಳನ್ನು ಹಾರ್ಲಿಕ್ಸ್ ಡಬ್ಬಕ್ಕೆ ತುಂಬಿ ಅಕ್ಕಿ ಡ್ರಮ್ಮಿನ ತಳದಲ್ಲಿಟ್ಟರು. ಯಾರಿಗೂ ಹೇಳಲಿಲ್ಲ. ಹುತ್ತರಿ ಬಂದಾಗ ಎರಡು ತೆಗೆದು ಕೊಡೋರು, ಉಳಿದದ್ದು ಮತ್ತೆ ಅಕ್ಕಿಯೊಳಗೆ. ದೊಡ್ಡಪ್ಪನಿಗೆ ಗೊತ್ತಿರಲಿಲ್ಲ ಅಂತ ನನಗನ್ನಿಸಲ್ಲ. ಗೊತ್ತಿದ್ದೂ ಕೇಳದೆ ಇದ್ದದ್ದು ಅವರ ದೊಡ್ಡತನ ಅಂದುಕೊಂಡಿದ್ದೇನೆ. ಕೊಡಗಿನಲ್ಲಿ ಇಷ್ಟು ಕೋವಿಗಳಿದ್ದೂ ಹೆಚ್ಚಿನ ಜಗಳಗಳು ಬೈಗುಳದಲ್ಲೇ ಮುಗಿಯುತ್ತವಲ್ಲ, ಅದಕ್ಕೆ ನಮ್ಮ ವೀರ ಪರಂಪರೆ ಎಷ್ಟು ಕಾರಣವೋ ಇಂಥ ಅಕ್ಕಿ ಡ್ರಮ್ಮುಗಳೂ ಅಷ್ಟೇ ಕಾರಣ ಇರಬಹುದು. ತೋಕ್ ನಮ್ಮೆಯಂಥ ಕೋವಿ ಹಬ್ಬಗಳಲ್ಲಿ ಇವರಿಗೆ ಸನ್ಮಾನ ಆಗಲ್ಲ. ಆಗಬೇಕಿತ್ತು.

ಇಷ್ಟು ಹೇಳಿದ ಕೂಡಲೇ ಬರುವ ಮಾತು: ‘ಕೊಲ್ಲೋನು ಕತ್ತಿಯಲ್ಲೂ ಕೊಲ್ತಾನೆ. ಕತ್ತಿಗೂ ಲೈಸೆನ್ಸ್ ಕೇಳ್ತೀರಾ?’ ಇದು ಹಗುರವಾದ ಮಾತಲ್ಲ. 2025ರ ಮಾರ್ಚ್‌ನಲ್ಲಿ ಪೊನ್ನಂಪೇಟೆ ತಾಲ್ಲೂಕಿನಲ್ಲಿ ಒಂದೇ ಮನೆಯ ನಾಲ್ಕು ಜನರನ್ನು, ಮಗುವನ್ನೂ ಸೇರಿಸಿ ಕೊಂದದ್ದು ಕತ್ತಿಯೇ. ಹಾಗೆಯೇ ದೇಶದಲ್ಲಿ ಬಂದೂಕಿನಿಂದಾಗುವ ಕೊಲೆಗಳಲ್ಲಿ ಬಹುಪಾಲು ಪರವಾನಗಿ ಇಲ್ಲದ ಆಯುಧಗಳಿಂದ ಅಂತ ಅಪರಾಧ ದಾಖಲೆಗಳೇ ಹೇಳ್ತವೆ. ಲೈಸೆನ್ಸ್ ಪುಸ್ತಕ ಯಾರ ಜೀವವನ್ನೂ ತಾನಾಗಿ ಉಳಿಸಲ್ಲ, ಒಪ್ಪಿದೆ. ಆದರೆ ಕತ್ತಿ ಹಿಡಿದವನು ಅಂಗಳ ದಾಟಿ ಬರಬೇಕು. ಅಷ್ಟರಲ್ಲಿ ಓಡಬಹುದು, ಬಾಗಿಲು ಹಾಕಬಹುದು, ಯಾರಾದರೂ ಹಿಂದಿನಿಂದ ತಬ್ಬಿ ಹಿಡಿಯಬಹುದು. ಕೋವಿ ಆ ಅಂಗಳವನ್ನೇ ಅಳಿಸಿಹಾಕುತ್ತೆ. ಸಿಟ್ಟಿಗೆ ಹತ್ತು ನಿಮಿಷ ಆಯಸ್ಸು, ಬೇಸರಕ್ಕೆ ಒಂದು ರಾತ್ರಿ. ಅಷ್ಟು ಹೊತ್ತು ಕಳೆದರೆ ಬೆಳಿಗ್ಗೆ ಕಾಫಿ ಕುಡಿಯೋದು ಬೇರೆ ಮನುಷ್ಯ.

ನಮ್ಮ ಹಾಗೆಯೇ ಬೆಟ್ಟದ ನಾಡು, ನಮ್ಮ ಹಾಗೆಯೇ ಕೋವಿಯ ಮೇಲೆ ಮಮತೆ ಇರುವ ದೇಶ ಸ್ವಿಟ್ಜರ್ಲೆಂಡ್. ಅಲ್ಲಿ ಸೈನಿಕ ಸೇವೆಯ ಕೋವಿಯನ್ನು ಮನೆಯಲ್ಲೇ ಇಟ್ಟುಕೊಳ್ತಾರೆ. ಅದನ್ನು ಶಸ್ತ್ರಾಗಾರದಲ್ಲಿಡಿ ಅನ್ನುವ ಪ್ರಸ್ತಾವವನ್ನು 2011ರಲ್ಲಿ ಜನರೇ ಮತ ಹಾಕಿ ತಿರಸ್ಕರಿಸಿದರು. ಆದರೆ ಅದಕ್ಕೂ ಮೊದಲೇ, 2007ರಲ್ಲಿ, ಮನೆಯಲ್ಲಿಟ್ಟಿದ್ದ ಗುಂಡುಗಳನ್ನು ಸರ್ಕಾರ ವಾಪಸ್ ತೆಗೆದುಕೊಳ್ಳಲು ಶುರು ಮಾಡಿತ್ತು. ಕೋವಿ ನಿಮ್ಮದು, ಗುಂಡು ನಮ್ಮ ಹತ್ತಿರ. ನಮ್ಮ ದೊಡ್ಡವ್ವನ ನೀತಿಯೇ! 2003ರಲ್ಲಿ ಅಲ್ಲಿಯ ಸೈನ್ಯವನ್ನು ಅರ್ಧಕ್ಕೆ ಇಳಿಸಿದಾಗ ಮನೆಗಳಲ್ಲಿದ್ದ ಕೋವಿಗಳೂ ಕಡಿಮೆಯಾದವು, ಆ ವಯಸ್ಸಿನ ಗಂಡಸರ ಆತ್ಮಹತ್ಯೆಗಳೂ ಇಳಿದವು. ಕೋವಿ ಸಿಗದಿದ್ದವರಲ್ಲಿ ಹೆಚ್ಚಿನವರು ಬೇರೆ ದಾರಿ ಹುಡುಕಿಕೊಂಡು ಹೋಗಲಿಲ್ಲ ಅನ್ನೋದು ಇದನ್ನು ಅಧ್ಯಯನ ಮಾಡಿದವರು ಕಂಡ ಮುಖ್ಯ ಸಂಗತಿ. ಮೇಲೆ ಹೇಳಿದ ಒಳಪುಟದ ಎರಡು ಸಾಲಿನ ಸುದ್ದಿಯನ್ನು ಇದರ ಜೊತೆಗಿಟ್ಟು ಓದಿ.

ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಅಂತಾರಲ್ಲ, ಆ ಅಸಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಪುಟ್ಟ ಊರಿನ ಶಾಲೆಯಲ್ಲಿ 1996ರ ಮಾರ್ಚ್ 13ರಂದು ಒಬ್ಬ 16 ಮಕ್ಕಳನ್ನೂ ಒಬ್ಬ ಟೀಚರನ್ನೂ ಕೊಂದ. ಅವನ ಹತ್ತಿರ ಇದ್ದದ್ದು ಲೈಸೆನ್ಸ್ ಇದ್ದ ಪಿಸ್ತೂಲುಗಳು. ಅವನ ಬಗ್ಗೆ ಊರಿನಲ್ಲಿ ವರ್ಷಗಳಿಂದ ದೂರುಗಳಿದ್ದವು, ಕಾಗದ ಮಾತ್ರ ನವೀಕರಣ ಆಗುತ್ತಲೇ ಇತ್ತು. ಕೊನೆಗೆ ಬ್ರಿಟನ್ ಖಾಸಗಿ ಪಿಸ್ತೂಲುಗಳನ್ನೇ ನಿಷೇಧಿಸಿತು. ಊರಿಗೆ ಗೊತ್ತಿದ್ದದ್ದು ಕಾಗದಕ್ಕೆ ಮುಟ್ಟದೇ ಹೋದರೆ ಅದರ ಬೆಲೆ ಎಲ್ಲರೂ ತೆರಬೇಕಾಗುತ್ತೆ. ನಮ್ಮಲ್ಲಂತೂ ಊರಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಯಾರು ರಾತ್ರಿ ಹೆಂಡತಿಯನ್ನು ಹೆದರಿಸ್ತಾರೆ, ಯಾರು ಆರು ತಿಂಗಳಿಂದ ಯಾರ ಮನೆಗೂ ಹೋಗ್ತಿಲ್ಲ, ಎಲ್ಲ ಗೊತ್ತು. ಹೇಳೋಕೆ ಮಾತ್ರ ನಾಚಿಕೆ.

ಈ ನಾಚಿಕೆ ಸುಳ್ಳಲ್ಲ. ದೊಡ್ಡವ್ವ ಹೋಗಿ ಎರಡು ವರ್ಷ ಆಯ್ತು. ದೊಡ್ಡಪ್ಪ ಈಗ ಒಬ್ಬರೇ. ಕುಡಿತ ಮೊದಲಿಗಿಂತ ಕಮ್ಮಿ, ಮೌನ ಜಾಸ್ತಿ. ವಾರಕ್ಕೊಮ್ಮೆ ಫೋನ್ ಮಾಡಿ ಬಿಪಿ ಮಾತ್ರೆ, ಶುಗರು, ಮಳೆ, ಕಾಫಿ ರೇಟು ಎಲ್ಲ ಕೇಳ್ತೇವೆ. ನಿಮ್ಮಲ್ಲೂ ಎಷ್ಟೋ ಜನ ಇದೇ ಪಟ್ಟಿ ಹಿಡಿದು ಊರಿಗೆ ಫೋನ್ ಮಾಡುವವರು. ಕೋವಿ ಎಲ್ಲಿದೆ, ಕಾಡತೂಸು ಎಲ್ಲಿದೆ ಅಂತ ಕೇಳೋದು ಮಾತ್ರ ಅವರ ಗಂಡಸುತನವನ್ನು, ಮನೆತನವನ್ನು ಕೇಳಿದ ಹಾಗೆ. ಅದೇ ಕಾರಿನ ಕೀ ಆಗಿದ್ದರೆ? ಎಂ.ಜಿ. ರೋಡಿನಲ್ಲಿ ಪಾರ್ಟಿ ಮುಗಿದ ಮೇಲೆ ಗೆಳೆಯನ ಕೈಯಿಂದ ಕೀ ಕಸಿದುಕೊಳ್ಳೋದಕ್ಕೆ ನಾವು ಎರಡು ಸಲ ಯೋಚಿಸಲ್ಲ, ಅವನೂ ಮರುದಿನ ಮುನಿಸಿಕೊಳ್ಳಲ್ಲ. ಗೆಳೆಯ ನಂಬಿಕಸ್ಥನೇ. ಆ ಹೊತ್ತಿನ ಗೆಳೆಯನನ್ನು ನಂಬೋಕಾಗಲ್ಲ, ಅಷ್ಟೇ.

ಕಳೆದ ಕೈಲ್ ಮುಹೂರ್ತಕ್ಕೆ ಹೋದಾಗ ನಾನೂ ನನ್ನ ದೊಡ್ಡಪ್ಪನ ಮಗನೂ ಇದನ್ನು ಎತ್ತಿದೆವು. ಪೂಜೆ ಆಗಿತ್ತು, ಕಡಂಬಿಟ್ಟು, ಹಂದಿ ಸಾರು ಆಗಿತ್ತು. ಕೋವಿ ನಿಮ್ಮ ಬೀರುವಿನಲ್ಲೇ ಇರಲಿ, ಕಾಡತೂಸು ಕೆಳಗಿನ ಮನೆಯ ಚಿಕ್ಕಪ್ಪನ ಹತ್ತಿರ ಇರಲಿ, ಅವರ ಹತ್ತಿರವೂ ವಿನಾಯಿತಿ ಪತ್ರ ಇದೆ, ಹಂದಿ ಕಾಟ ಆದರೆ ಅವರೇ ಬರ್ತಾರೆ ಅಂದೆವು.

ದೊಡ್ಡಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, ‘ನನ್ನ ಮೇಲೆ ನಂಬಿಕೆ ಇಲ್ವಾ ನಿಮ್ಗೆ?’

‘ದೊಡ್ಡವ್ವಂಗೆ ಇತ್ತು ದೊಡ್ಡಪ್ಪ. ಆದ್ರೂ ಬಚ್ಚಿಡ್ತಿದ್ರಲ್ಲ’ ಅಂದ ಅವರ ಮಗ.

ಅವರು ನಗಲಿಲ್ಲ, ಬೈಯಲೂ ಇಲ್ಲ. ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ಡ್ರಮ್ಮಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಹಾರ್ಲಿಕ್ಸ್ ಡಬ್ಬ ತಂದು ಮೇಜಿನ ಮೇಲಿಟ್ಟು, ಅದಕ್ಕೆ ಅಂಟಿದ್ದ ಅಕ್ಕಿಕಾಳನ್ನು ಪಂಚೆಯ ತುದಿಯಿಂದ ಒರೆಸಿದರು. ‘ಎಣಿಸ್ಕೊಳ್ಳಿ. ಹನ್ನೊಂದು ಇರ್ಬೇಕು’ ಅಂದರು.

ಹನ್ನೊಂದೇ ಇತ್ತು.